ಇಪ್ಪತ್ತೊಂದರ ಗೆರೆ

ಕಾರವಾರದಿಂದ ಉತ್ತರಕ್ಕೆ ಹೊರಟು, ಕಾಳಿ ನದಿಯ ಸೇತುವೆ ದಾಟಿ, ಸದಾಶಿವಗಡದ ಗುಡ್ಡ ಹಿಂದೆ ಬಿಟ್ಟು ಮಾಜಾಳಿ ತಲುಪಿದರೆ ಅಲ್ಲಿಗೆ ಕರ್ನಾಟಕ ಮುಗಿಯಿತು. ತನಿಖಾ ಠಾಣೆಯ ಆಚೆ ಪೋಳೆಂ, ಅದರಾಚೆ ಕಾಣಕೋಣ. ಬೈಕಿನಲ್ಲಿ ಹೋದರೆ ಅರ್ಧ ಗಂಟೆಯೂ ಬೇಡ. ಈ ದಾರಿಯಲ್ಲಿ ಸಮುದ್ರ ಬದಲಾಗುವುದಿಲ್ಲ, ತೆಂಗು ಬದಲಾಗುವುದಿಲ್ಲ, ಊಟದ ಮೀನೂ ಅದೇ, ಆಡುವ ಕೊಂಕಣಿಯೂ ಹೆಚ್ಚುಕಡಿಮೆ ಅದೇ. ಬದಲಾಗುವುದು ಬಾಟಲಿಯ ಬೆಲೆ ಮತ್ತು ಕೊಳ್ಳುವವನ ವಯಸ್ಸು. ಗೋವಾದಲ್ಲಿ ಮದ್ಯದ ಮೇಲಿನ ಸುಂಕ ಹಗುರ. ಹದಿನೆಂಟು ತುಂಬಿದವರಿಗೆ ಅಂಗಡಿಯವನು ಕೊಡಬಹುದು. ಕರ್ನಾಟಕದಲ್ಲಿ ಸುಂಕ ಭಾರ. ವಯಸ್ಸಿನ ವಿಷಯದಲ್ಲಂತೂ ನಮ್ಮ ಕಾನೂನಿಗೇ ಒಮ್ಮತವಿಲ್ಲ. 1965ರ ಅಬಕಾರಿ ಕಾಯ್ದೆ ಹದಿನೆಂಟು ಎನ್ನುತ್ತದೆ, ಅದರಡಿ 1967ರಲ್ಲಿ ಬಂದ ಪರವಾನಗಿ ನಿಯಮಗಳು ಇಪ್ಪತ್ತೊಂದು ಎನ್ನುತ್ತವೆ. ನಡೆಯುತ್ತಿರುವುದು ಇಪ್ಪತ್ತೊಂದರ ಲೆಕ್ಕ. 2023ರ ಜನವರಿಯಲ್ಲಿ ಅದನ್ನು ಹದಿನೆಂಟಕ್ಕೆ ಇಳಿಸುವ ಕರಡು ಹೊರಟಿತ್ತು. ಆಕ್ಷೇಪಣೆಗಳು ಬಂದ ಮೇಲೆ ಸರಕಾರ ಅದನ್ನು ಹಿಂದಕ್ಕೆ ಪಡೆಯಿತು.

ಈ ಗಡಿಗೂ ಬಾಟಲಿಗೂ ಇರುವ ನಂಟು ಇಂದಿನದಲ್ಲ. 1956ರವರೆಗೆ ಉತ್ತರ ಕನ್ನಡ ಮುಂಬಯಿ ರಾಜ್ಯದಲ್ಲಿತ್ತು, ಮುಂಬಯಿಯಲ್ಲಿ 1950ರಿಂದ ಪೂರ್ಣ ಪಾನನಿಷೇಧ. ಗಡಿಯ ಈಚೆ ಒಂದು ಲೋಟ ಕಳ್ಳಿಗೂ ಪೊಲೀಸರ ಭಯ. ಆಚೆ 1961ರವರೆಗೂ ಪೋರ್ತುಗೀಸರ ಆಳ್ವಿಕೆ, ಫೆನಿಯ ಭಟ್ಟಿಗಳು ಹಗಲಲ್ಲೇ ಹೊಗೆಯಾಡುತ್ತಿದ್ದವು. ನಿಷೇಧ ಹೋಯಿತು, ಪೋರ್ತುಗೀಸರೂ ಹೋದರು. ಬೆಲೆಯ ಅಂತರ ಮಾತ್ರ ಉಳಿಯಿತು. ಅಬಕಾರಿಯವರು ಮಾಜಾಳಿಯಲ್ಲಿ ಗೋವಾ ಮದ್ಯ ಹಿಡಿದ ಸುದ್ದಿ ಜಿಲ್ಲೆಯ ಪತ್ರಿಕೆಗಳಿಗೆ ಇಂದಿಗೂ ಹವಾಮಾನ ವರದಿಯಷ್ಟೇ ಮಾಮೂಲು.

ಇದೇ ಗಡಿಯ ಪಟ್ಟಿಯಲ್ಲಿ ನಮ್ಮ ಕಾಲೇಜುಗಳೂ ಇವೆ. ಮಾಜಾಳಿಯಲ್ಲಿ ಸರಕಾರಿ ಎಂಜಿನಿಯರಿಂಗ್ ಕಾಲೇಜು, ಬಾಡದಲ್ಲಿ ಶಿವಾಜಿ ಕಾಲೇಜು, ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ, ಊರೊಳಗೆ 2013ರಿಂದ ವೈದ್ಯಕೀಯ ಕಾಲೇಜು. ದಕ್ಷಿಣಕ್ಕೆ ಅಂಕೋಲೆಯಲ್ಲಿ 1966ರ ಗೋಖಲೆ ಶತಮಾನೋತ್ಸವ ಕಾಲೇಜು. ಯಾವ ಕಾಲೇಜಿನ ಮೇಲೂ ಆರೋಪ ಹೊರಿಸಲು ಈ ಹೆಸರುಗಳನ್ನು ಹೇಳುತ್ತಿಲ್ಲ. ಇಲ್ಲಿನ ಬಹುಪಾಲು ಹುಡುಗ ಹುಡುಗಿಯರು ಬಾಟಲಿಯ ಮುಚ್ಚಳ ತೆಗೆದವರೇ ಅಲ್ಲ. 2019ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಸಮೀಕ್ಷೆಯ ಪ್ರಕಾರ, ಹತ್ತರಿಂದ ಎಪ್ಪತ್ತೈದು ವರ್ಷದೊಳಗಿನ ಭಾರತೀಯರಲ್ಲಿ ಮದ್ಯ ಸೇವಿಸುವವರು ಶೇ. 14.6. ಗೋವಾದಲ್ಲಿ ಅದು ಸುಮಾರು ಶೇ. 28. ಗೋವಾದಲ್ಲೂ ಕುಡಿಯದವರೇ ಹೆಚ್ಚು ಎಂಬುದನ್ನು ಪ್ರವಾಸಿಗರು ನಂಬುವುದು ಕಷ್ಟ. ನಮಗೆ ಬೇಕಿರುವುದು ಒಂದು ಕಿರಿದಾದ ಪ್ರಶ್ನೆ: ಕುಡಿಯುವವರ ಪೈಕಿ, ವಾರಕ್ಕೊಮ್ಮೆಯೋ ಎರಡು ಸಲವೋ ಕೂತು ಬಾಟಲಿ ಖಾಲಿ ಮಾಡಿಯೇ ಏಳುವ ವಿದ್ಯಾರ್ಥಿಯ ಅಂಕಕ್ಕೆ ಏನಾಗುತ್ತದೆ?

ಈ ಪ್ರಶ್ನೆ ಎತ್ತಿದಾಗೆಲ್ಲ ಹಾಸ್ಟೆಲಿನಿಂದ ಒಂದು ಉತ್ತರ ಸಿದ್ಧವಾಗಿರುತ್ತದೆ. "ನಮ್ಮ ಸೀನಿಯರ್ ದಿನಾ ಎಣ್ಣೆ ಹೊಡೀತಿದ್ರು ಸಾರ್, ಫಸ್ಟ್ ಕ್ಲಾಸಲ್ಲೇ ಪಾಸಾದ್ರು." ಸುಳ್ಳೆಂದು ತಳ್ಳಿಹಾಕುವಂತಿಲ್ಲ, ಅಂಥ ಸೀನಿಯರ್ ಪ್ರತಿ ಬ್ಯಾಚಿನಲ್ಲೂ ಒಬ್ಬನಿರುತ್ತಾನೆ. ಇನ್ನೊಂದು ಕಡೆ ಮೇಷ್ಟ್ರುಗಳ ಉತ್ತರ: "ಕುಡಿಯೋರೆಲ್ಲ ಫೇಲು." ಇದೂ ಅಷ್ಟೇ ಸಡಿಲು. ಹಾರ್ವರ್ಡಿನ ಹೆನ್ರಿ ವೆಕ್ಸ್ಲರ್ 1993ರಲ್ಲಿ ಅಮೆರಿಕದ 140 ಕಾಲೇಜುಗಳಲ್ಲಿ ಸಮೀಕ್ಷೆ ಮಾಡಿದಾಗ ಶೇ. 44ರಷ್ಟು ವಿದ್ಯಾರ್ಥಿಗಳು ಒಂದೇ ಸಲ ಕೂತು ಅತಿಯಾಗಿ ಕುಡಿಯುವವರು ಎಂದು ಕಂಡುಬಂತು; ಅವರಲ್ಲಿ ತರಗತಿ ತಪ್ಪಿಸುವುದು, ಓದಿನಲ್ಲಿ ಹಿಂದೆ ಬೀಳುವುದು ಹೆಚ್ಚು. ಆದರೆ ಅದರಿಂದ ಕುಡಿತವೇ ಕಾರಣ ಎಂದು ಸಾಬೀತಾಯಿತೇ? ಓದಿನಲ್ಲಿ ಸೋತವನು ಬೇಸರಕ್ಕೆ ಕುಡಿದಿರಬಹುದು. ಮನೆಯಲ್ಲಿ ಜಗಳ, ಕೈಯಲ್ಲಿ ದುಡ್ಡು, ಕೂಡಿದ ಸಹವಾಸ, ಹುಟ್ಟಿನಿಂದ ಬಂದ ದುಡುಕು, ಇವುಗಳಲ್ಲಿ ಯಾವುದಾದರೂ ಒಂದು ಕುಡಿತವನ್ನೂ ತಂದು ಅಂಕವನ್ನೂ ಇಳಿಸಿರಬಹುದು. ಕುಡಿಯುವವರನ್ನೂ ಕುಡಿಯದವರನ್ನೂ ಅಕ್ಕಪಕ್ಕ ನಿಲ್ಲಿಸಿ ಅಂಕ ನೋಡಿದರೆ ಈ ಗಂಟು ಬಿಡಿಸಲಾಗದು. ಹಾಗೆಂದು ಚೀಟಿ ಎತ್ತಿ ಅರ್ಧ ತರಗತಿಗೆ ನಾಲ್ಕು ವರ್ಷ ಕುಡಿಸುವುದೂ ಸಾಧ್ಯವಿಲ್ಲ.

ಅರ್ಥಶಾಸ್ತ್ರಜ್ಞರಿಗೆ ಇಲ್ಲಿ ಒಂದು ಉಪಾಯ ಹೊಳೆಯಿತು. ಇಪ್ಪತ್ತರ ಹನ್ನೊಂದನೇ ತಿಂಗಳಲ್ಲಿರುವ ಹುಡುಗನಿಗೂ ಇಪ್ಪತ್ತೊಂದು ತುಂಬಿ ಒಂದು ತಿಂಗಳಾದ ಹುಡುಗನಿಗೂ ಬುದ್ಧಿಯಲ್ಲಾಗಲಿ, ಮನೆತನದಲ್ಲಾಗಲಿ, ಸ್ವಭಾವದಲ್ಲಾಗಲಿ ಏನು ವ್ಯತ್ಯಾಸ? ಏನೂ ಇಲ್ಲ. ಅಮೆರಿಕದಲ್ಲಿ ಇರುವುದು ಒಂದೇ ವ್ಯತ್ಯಾಸ: ಎರಡನೆಯವನು ಬಾರಿಗೆ ಹೋಗಬಹುದು. ಹಾಗಾದರೆ ಹುಟ್ಟುಹಬ್ಬದ ಈಚೆ ಆಚೆ ಬಿದ್ದ ಪರೀಕ್ಷೆಗಳ ಅಂಕ ಹೋಲಿಸಿದರಾಯಿತು. ಕ್ಯಾರೆಲ್, ಹೊಯೆಕ್‌ಸ್ಟ್ರಾ, ವೆಸ್ಟ್ ಎಂಬ ಮೂವರು ಅಮೆರಿಕದ ವಾಯುಪಡೆಯ ಅಕಾಡೆಮಿಯಲ್ಲಿ ಹೀಗೆ ಮಾಡಿ 2011ರಲ್ಲಿ ಪ್ರಕಟಿಸಿದರು. ಜಾಗದ ಆಯ್ಕೆಯಲ್ಲೇ ಅವರ ಜಾಣತನವಿದೆ. ಅಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಯಾವ ಮೇಷ್ಟ್ರ ತರಗತಿ ಎಂಬುದು ವಿದ್ಯಾರ್ಥಿಯ ಆಯ್ಕೆಯಲ್ಲ, ಮತ್ತು ಇಪ್ಪತ್ತೊಂದಾಗದವನು ಕುಡಿದು ಸಿಕ್ಕಿಬಿದ್ದರೆ ಸೇನಾ ಶಿಸ್ತಿನ ಶಿಕ್ಷೆ. ಗೆರೆ ಅಲ್ಲಿ ನಿಜಕ್ಕೂ ಗೆರೆಯಾಗಿತ್ತು.

ಇಪ್ಪತ್ತೊಂದು ದಾಟಿದ ಕೂಡಲೇ ಅಂಕ ಕುಸಿದಿತ್ತು. ಕುಸಿತ ಒಂದು ಪ್ರಮಾಣಿತ ವಿಚಲನೆಯ 0.06ರಿಂದ 0.13 ಭಾಗ. ಕಿವಿಗೆ ಇದು ಏನೂ ಅಲ್ಲ ಎನಿಸುತ್ತದೆ. ನಮ್ಮ ಲೆಕ್ಕಕ್ಕೆ ತಂದುಕೊಳ್ಳೋಣ. ಒಂದು ತರಗತಿಯ ಅಂಕಗಳು ಸರಾಸರಿಯ ಆಚೀಚೆ ಹನ್ನೆರಡರಷ್ಟು ಹರಡಿವೆ ಎಂದುಕೊಂಡರೆ, ಹತ್ತನೇ ಒಂದು ಭಾಗ ಎಂದರೆ ಒಂದು ಚಿಲ್ಲರೆ ಅಂಕ. ಆದರೆ ಈ ಒಂದು ಚಿಲ್ಲರೆ ಅಂಕ ಕುಡಿಯದವರನ್ನೂ ಸೇರಿಸಿದ ಸರಾಸರಿ. ಇಪ್ಪತ್ತೊಂದು ತುಂಬಿದರೂ ಬಾರಿನ ಮೆಟ್ಟಿಲು ಹತ್ತದವನ ಅಂಕ ಇಳಿಯುವುದಿಲ್ಲವಲ್ಲ. ನೂರರಲ್ಲಿ ಇಪ್ಪತ್ತು ಮಂದಿಯ ಕುಡಿತವಷ್ಟೇ ಬದಲಾಗಿದ್ದರೆ, ಇಡೀ ತರಗತಿಯ ಇಳಿತವನ್ನು ಆ ಇಪ್ಪತ್ತೇ ಮಂದಿ ಹೊತ್ತಿರಬೇಕು: ಒಬ್ಬೊಬ್ಬರಿಗೂ ಐದಾರು ಅಂಕ. ಡಿಸ್ಟಿಂಕ್ಷನ್ ತಪ್ಪಲು ಅಷ್ಟು ಸಾಕು.

ಆ ಅಧ್ಯಯನದ ಇನ್ನೊಂದು ಫಲಿತಾಂಶ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಕುಸಿತ ಅತಿ ದೊಡ್ಡದಾಗಿ ಕಂಡದ್ದು ಹಿಂದಿನ ಬೆಂಚಿನಲ್ಲಲ್ಲ, ಮುಂದಿನ ಬೆಂಚಿನಲ್ಲಿ; ಚೆನ್ನಾಗಿ ಓದುವವರಲ್ಲಿ. ಸೀನಿಯರನ ಕಥೆ ಈಗ ಬೇರೆಯಾಗಿ ಕೇಳಿಸುತ್ತದೆ. ಅವನು ಫಸ್ಟ್ ಕ್ಲಾಸಿನಲ್ಲಿ ಪಾಸಾದ, ಸರಿ. ಕುಡಿಯದಿದ್ದರೆ ಎಲ್ಲಿರುತ್ತಿದ್ದ? ಅದನ್ನು ಅವನೂ ನೋಡಿಲ್ಲ, ಅವನ ಕಥೆ ಹೇಳುವವರೂ ನೋಡಿಲ್ಲ. ಫೇಲಾದವನಿಗೆ ತನ್ನ ನಷ್ಟ ಅಂಕಪಟ್ಟಿಯಲ್ಲಿ ಕೆಂಪಾಗಿ ಕಾಣುತ್ತದೆ. ಎಪ್ಪತ್ತೆಂಟರ ಬದಲು ಎಪ್ಪತ್ತೆರಡು ಪಡೆದವನಿಗೆ ನಷ್ಟವಾಗಿದೆ ಎಂಬುದೇ ಗೊತ್ತಾಗುವುದಿಲ್ಲ.

ಎಲ್ಲ ಕಡೆಯೂ ಇಷ್ಟೇ ಪರಿಣಾಮ ಸಿಕ್ಕಿಲ್ಲ. ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಇದೇ ಉಪಾಯ ಬಳಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಳಿತ ಸುಮಾರು 0.03 ಮಾತ್ರ. ಅದು ಸಾಮಾನ್ಯ ವಿಶ್ವವಿದ್ಯಾಲಯ. ಸೀನಿಯರುಗಳ ಕೈಯಿಂದ, ರೂಮಿನ ಪಾರ್ಟಿಗಳಿಂದ ಹತ್ತೊಂಬತ್ತರವನಿಗೂ ಬಾಟಲಿ ಸಿಗುವ ಜಾಗ. ಕಾನೂನಿನ ಗೆರೆ ಮೊದಲೇ ಮಸುಕಾಗಿದ್ದಲ್ಲಿ ಹುಟ್ಟುಹಬ್ಬದ ದಿನ ಹೊಸದಾಗಿ ಆಗುವುದೇನಿದೆ? ಕಾರವಾರದ ಮಟ್ಟಿಗೆ ನಾವು ನೆನಪಿಡಬೇಕಾದ ಮಾತು ಇದು. ಇಲ್ಲಿ ಇಪ್ಪತ್ತೊಂದರ ಗೆರೆ ಹುಟ್ಟುಹಬ್ಬದ ಮೇಲಿಲ್ಲ, ಹೆದ್ದಾರಿಯ ಮೇಲಿದೆ. ಪೋಳೆಂ ದಾಟಿದ ಹದಿನೆಂಟರ ಹುಡುಗ ಅರ್ಧ ಗಂಟೆಯಲ್ಲಿ ಮೂರು ವರ್ಷ ದೊಡ್ಡವನಾಗುತ್ತಾನೆ.

ಗಡಿಯೂರಿನ ಇನ್ನೊಂದು ಕಥೆ ನೆದರ್ಲೆಂಡ್ಸಿನದು. ಅಲ್ಲಿನ ಮಾಸ್ಟ್ರಿಕ್ಟ್ ಬೆಲ್ಜಿಯಂಗೆ ಅಂಟಿಕೊಂಡ ಊರು, ಜರ್ಮನಿಯೂ ಹತ್ತಿರ. ಕಾಫಿ ಶಾಪುಗಳಲ್ಲಿ ಗಾಂಜಾ ಮಾರಲು ಬಿಡುತ್ತಾರೆ. ಅದಕ್ಕೆಂದೇ ಹೊರದೇಶದವರು ಹಿಂಡುಗಟ್ಟಿ ಬರುತ್ತಿದ್ದರು. 2011ರಲ್ಲಿ ನಗರದವರು ಡಚ್ಚರು, ಜರ್ಮನರು, ಬೆಲ್ಜಿಯನ್ನರನ್ನು ಬಿಟ್ಟು ಬೇರೆ ಯಾರಿಗೂ ಒಳಗೆ ಪ್ರವೇಶವಿಲ್ಲ ಎಂದರು. ವಿಶ್ವವಿದ್ಯಾಲಯದಲ್ಲಿ ಎಲ್ಲ ದೇಶದವರೂ ಒಂದೇ ತರಗತಿಯಲ್ಲಿ ಕೂರುತ್ತಿದ್ದರು. ನಿರ್ಬಂಧಕ್ಕೆ ಒಳಗಾದ ದೇಶಗಳ ವಿದ್ಯಾರ್ಥಿಗಳ ಅಂಕ ಏರಿತು. ಲೆಕ್ಕಾಚಾರ ಹೆಚ್ಚಿರುವ ವಿಷಯಗಳಲ್ಲಿ ಏರಿಕೆ ಇನ್ನಷ್ಟು ಸ್ಪಷ್ಟ. ಗಾಂಜಾ ಬೇರೆ, ಮದ್ಯ ಬೇರೆ, ನಿಜ. ಆದರೆ ಉಪದೇಶ ಯಾವುದೂ ಇಲ್ಲದೆ, ಕೈಗೆ ಸಿಗುವುದು ಸ್ವಲ್ಪ ದೂರವಾದ ಮಾತ್ರಕ್ಕೇ ಅಂಕ ಮೇಲೇರಿತೆಂಬುದು ಗಡಿಯಲ್ಲಿ ಬದುಕುವ ನಮಗೆ ಗಮನಾರ್ಹ.

ಅಂಕ ಹೋಗುವುದು ತಲೆಯೊಳಗೆ ಎಲ್ಲಿಂದ?

ಮಿದುಳಿನ ಎರಡೂ ಪಕ್ಕದಲ್ಲಿ, ಕಿವಿಯ ನೇರಕ್ಕೆ ಒಳಗಡೆ, ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗವಿದೆ. ಈಗ ಕೇಳಿದ್ದನ್ನು ನಾಳೆಯ ನೆನಪಾಗಿ ಮಾಡುವ ಕೆಲಸ ಮುಖ್ಯವಾಗಿ ಅದರದು. ಅಲ್ಲಿನ ನರಕೋಶಗಳು ಒಂದಕ್ಕೊಂದು ಪದೇ ಪದೇ ಸಂಕೇತ ಕಳಿಸಿದಾಗ ಅವುಗಳ ನಡುವಿನ ಸಂಪರ್ಕ ಬಲಗೊಳ್ಳುತ್ತದೆ. ಹೀಗೆ ಬಲಗೊಳ್ಳಲು ಎನ್‌ಎಂಡಿಎ ಎಂಬ ಗ್ರಾಹಕಗಳು ತೆರೆದುಕೊಳ್ಳಬೇಕು. ಮದ್ಯಸಾರ ನೇರವಾಗಿ ಅವುಗಳ ಬಾಯಿ ಕಟ್ಟುತ್ತದೆ. ಜೊತೆಗೆ ನರಕೋಶಗಳನ್ನು ತಣ್ಣಗಾಗಿಸುವ ಗಾಬಾ ವ್ಯವಸ್ಥೆಗೆ ಒತ್ತು ಕೊಡುತ್ತದೆ. ಆಗ ಮಾತು, ನಡಿಗೆ, ಹಾಡು, ಜಗಳ ಎಲ್ಲ ನಡೆಯುತ್ತಿರುತ್ತದೆ. ದಾಖಲಾಗುವುದು ಮಾತ್ರ ನಿಂತಿರುತ್ತದೆ. ಅಂಗಡಿಯವನು ದಿನವಿಡೀ ಚೀಟಿಯಲ್ಲಿ ಗೀಚಿಟ್ಟ ಸಾಲವನ್ನು ರಾತ್ರಿ ಕಿರ್ದಿಗೆ ಏರಿಸದೆ ಚೀಟಿ ಹರಿದೆಸೆದಂತೆ.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದವನು ಅಮೆರಿಕದ ಮನೋವೈದ್ಯ ಡೊನಾಲ್ಡ್ ಗುಡ್ವಿನ್. 1970ರ ಸುಮಾರಿಗೆ ಆತ ಕುಡಿತದ ಚಟವಿದ್ದ ಹತ್ತು ಮಂದಿ ಸ್ವಯಂಸೇವಕರಿಗೆ ಆಸ್ಪತ್ರೆಯಲ್ಲಿ ವಿಸ್ಕಿ ಕುಡಿಸಿ, ಆಟಿಕೆ ಮುಂತಾದ ವಸ್ತುಗಳನ್ನು ತೋರಿಸುತ್ತ ಹೋದ. ಎರಡು ನಿಮಿಷ ಬಿಟ್ಟು ಕೇಳಿದರೆ ಅವರು ಸರಿಯಾಗಿ ಹೇಳುತ್ತಿದ್ದರು. ಅರ್ಧ ಗಂಟೆ ಬಿಟ್ಟು ಕೇಳಿದಾಗ ಅವರಲ್ಲಿ ಅರ್ಧದಷ್ಟು ಮಂದಿಗೆ ಏನೂ ನೆನಪಿಲ್ಲ, ಮರುದಿನವೂ ಇಲ್ಲ. ಅವರು ಪ್ರಜ್ಞೆ ತಪ್ಪಿರಲಿಲ್ಲ. ಆ ಹೊತ್ತಿಗೆ ನೋಡಿದವರಿಗೆ ಅವರ ನೆನಪು ಕೈಕೊಡುತ್ತಿದೆ ಎಂಬ ಸುಳಿವೂ ಸಿಗುತ್ತಿರಲಿಲ್ಲ. ರಾತ್ರಿ ಗೆಳೆಯರೊಂದಿಗೆ ಬೀಚಿನಲ್ಲಿ ಗಂಟೆಗಟ್ಟಲೆ ಮಾತಾಡಿದವನು ಬೆಳಿಗ್ಗೆ "ನಾನು ಯಾವಾಗ ರೂಮಿಗೆ ಬಂದೆ?" ಎಂದು ಕೇಳುವುದು ತಮಾಷೆಗಲ್ಲ. ಇದೆಲ್ಲ ಚಟಗಾರರ ಪಾಡು ಎಂದುಕೊಳ್ಳುವುದೂ ತಪ್ಪು: 2002ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ 772 ಪದವಿ ವಿದ್ಯಾರ್ಥಿಗಳನ್ನು ವಿಚಾರಿಸಿದಾಗ, ಎಂದಾದರೂ ಕುಡಿದವರ ಪೈಕಿ ಶೇ. 51 ಮಂದಿ ಒಮ್ಮೆಯಾದರೂ ಹೀಗಾಗಿದೆ ಎಂದರು.

ಇನ್ನು ಗಡಿಯಾರದ ಲೆಕ್ಕ. ಒಂದು ಕ್ವಾರ್ಟರ್ ವಿಸ್ಕಿ ಎಂದರೆ 180 ಮಿಲಿಲೀಟರ್. ಅದರಲ್ಲಿ ಮದ್ಯಸಾರ ಶೇ. 42.8. ತೂಕಕ್ಕೆ ತಂದರೆ ಸುಮಾರು 61 ಗ್ರಾಂ ಶುದ್ಧ ಮದ್ಯಸಾರ. 60 ಕಿಲೋ ತೂಗುವ ಹುಡುಗನ ರಕ್ತದಲ್ಲಿ ಅದು 100 ಮಿಲಿಲೀಟರಿಗೆ 150 ಮಿಲಿಗ್ರಾಂವರೆಗೆ ಏರಬಲ್ಲದು. ವಾಹನ ಓಡಿಸುವವನಿಗೆ ನಮ್ಮ ಕಾನೂನು ಬಿಡುವುದು 30. ಅದೇ ತೂಕದ ಹುಡುಗಿಯ ಮೈಯಲ್ಲಿ ನೀರಿನಂಶ ಕಡಿಮೆ ಇರುವುದರಿಂದ ಇನ್ನೂ ಹೆಚ್ಚೇ ಏರುತ್ತದೆ. ಯಕೃತ್ತು ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಖಾಲಿ ಮಾಡುತ್ತದೆ; ಮಜ್ಜಿಗೆ, ನಿಂಬೆರಸ, ತಣ್ಣೀರ ಸ್ನಾನ, ಕಾಫಿ ಯಾವುದಕ್ಕೂ ಅದು ತನ್ನ ವೇಗ ಬದಲಿಸುವುದಿಲ್ಲ. ರಾತ್ರಿ ಒಂಬತ್ತೂವರೆಗೆ ಶುರುಮಾಡಿದ ಕ್ವಾರ್ಟರ್ ರಕ್ತದಿಂದ ಪೂರ್ತಿ ಹೊರಬೀಳುವಾಗ ಬೆಳಗಿನ ಏಳೂವರೆ. ಅಂದರೆ ಇಡೀ ರಾತ್ರಿ ಅವನು ಮಲಗಿದ್ದದ್ದು ಮದ್ಯದ ಜೊತೆಗೆ.

ಓದಿಗೆ ಪೆಟ್ಟು ಬೀಳುವ ನಿಜವಾದ ಜಾಗ ಈ ನಿದ್ದೆ ಎಂಬುದು ನನ್ನ ತಿಳಿವಳಿಕೆ. ಕುಡಿದವನಿಗೆ ನಿದ್ದೆ ಬೇಗ ಹತ್ತುತ್ತದೆ, ಮೊದಲ ಮೂರು ನಾಲ್ಕು ಗಂಟೆ ಗಾಢವಾಗಿಯೂ ಇರುತ್ತದೆ. "ಚೆನ್ನಾಗಿ ನಿದ್ದೆ ಬಂತು" ಎಂಬ ಮಾತು ಹುಟ್ಟುವುದು ಅಲ್ಲಿಂದ. ಆದರೆ ಕನಸುಗಳ ನಿದ್ದೆ, ಅಂದರೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಹೊರಳುವ ಹಂತ, ಮದ್ಯದಿಂದ ಅದುಮಿ ಹೋಗುತ್ತದೆ. ಮದ್ಯ ಇಳಿಯುತ್ತ ಬಂದಂತೆ ಬೆಳಗಿನ ಜಾವದ ನಿದ್ದೆ ಚೂರುಚೂರಾಗುತ್ತದೆ. ಬಾಯಾರಿಕೆ, ಮೂತ್ರ, ಎದೆಬಡಿತ ಎಬ್ಬಿಸುತ್ತವೆ. ಹಗಲು ಕಲಿತದ್ದು ಗಟ್ಟಿಯಾಗುವುದು ಈ ಹಂತಗಳು ಸರತಿಯಂತೆ ಬಂದು ಹೋಗುವಾಗ. ಸರತಿ ಕೆಟ್ಟರೆ ಕಲಿಕೆಯೂ ಅರೆಬರೆ.

ಹಾಗಾದರೆ ಪರೀಕ್ಷೆಯ ಹಿಂದಿನ ರಾತ್ರಿ ಕುಡಿದವನ ಗತಿ? ಇಲ್ಲಿ ವಿಜ್ಞಾನ ಮೇಷ್ಟ್ರುಗಳ ಪರವಾಗಿಲ್ಲ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹೌಲ್ಯಾಂಡ್ ಮತ್ತು ಸಂಗಡಿಗರು 193 ವಿದ್ಯಾರ್ಥಿಗಳಿಗೆ ರಾತ್ರಿ ಚೆನ್ನಾಗಿಯೇ ಬಿಯರ್ ಕುಡಿಸಿ (ರಕ್ತದಲ್ಲಿ ಸುಮಾರು 120 ಮಿಲಿಗ್ರಾಂ ಆಗುವಷ್ಟು), ಬೆಳಿಗ್ಗೆ ಪ್ರವೇಶ ಪರೀಕ್ಷೆ ಮಾದರಿಯ ಪ್ರಶ್ನೆಪತ್ರಿಕೆಯನ್ನೂ, ಹಿಂದಿನ ದಿನದ ಪಾಠದ ಮೇಲೆ ಪ್ರಶ್ನೆಗಳನ್ನೂ ಕೊಟ್ಟರು. ಅಂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಗಮನ ಮತ್ತು ಚುರುಕು ಕುಂದಿತ್ತು, ಮನಸ್ಸು ಕಿರಿಕಿರಿಗೊಂಡಿತ್ತು. ಬರೆದ ಉತ್ತರಗಳು ಮಾತ್ರ ಸರಿಯಾಗಿದ್ದವು. ಇದಕ್ಕಿಂತ ವಿಚಿತ್ರವಾದ ಫಲಿತಾಂಶ ಇಂಗ್ಲೆಂಡಿನ ಎಕ್ಸೆಟರಿನಿಂದ 2017ರಲ್ಲಿ ಬಂತು. 88 ಮಂದಿಗೆ ಸಂಜೆ ಹೊಸ ಪದಗಳನ್ನು ಕಲಿಸಿ, ಅರ್ಧ ಜನಕ್ಕೆ ಆಮೇಲೆ ಮನಸೋ ಇಚ್ಛೆ ಕುಡಿಯಲು ಬಿಟ್ಟರು. ಬೆಳಿಗ್ಗೆ ಹೆಚ್ಚು ನೆನಪಿಟ್ಟುಕೊಂಡಿದ್ದವರು ಕುಡಿದವರೇ! ಕಾರಣ ಮೇಲೆ ಹೇಳಿದ್ದೇ ಇರಬಹುದು: ಕುಡಿದ ಮೇಲೆ ಹೊಸದೇನೂ ದಾಖಲಾಗದ ಕಾರಣ, ಕುಡಿಯುವ ಮುಂಚೆ ಕಲಿತದ್ದಕ್ಕೆ ಪೈಪೋಟಿ ಇರಲಿಲ್ಲ.

ಇದನ್ನು ಇಲ್ಲಿ ಬರೆಯಬೇಕೇ ಬೇಡವೇ ಎಂದು ಯೋಚಿಸುವ ಸಂಪಾದಕರು ಇರುತ್ತಾರೆ. ಬರೆಯಬೇಕು. ಮುಚ್ಚಿಟ್ಟರೆ ಹುಡುಗರು ಫೋನಿನಲ್ಲಿ ತಾವೇ ಹುಡುಕಿಕೊಳ್ಳುತ್ತಾರೆ, ಆಮೇಲೆ ಉಳಿದ ಮಾತನ್ನೂ ನಂಬುವುದಿಲ್ಲ. ಈ ಎರಡೂ ಪ್ರಯೋಗಗಳು ಅಳೆದದ್ದು ಒಂದು ಸಂಜೆ, ಒಂದು ಬೆಳಗು. ಪದವಿ ಎಂದರೆ ನೂರಾರು ಸಂಜೆಗಳು. ಕುಡಿದ ಸಂಜೆಯ ಮೂರು ಗಂಟೆ ಓದು ಇಲ್ಲ. ಮರುದಿನ ಬೆಳಗಿನ ಮೊದಲ ತರಗತಿ ಇಲ್ಲ. ಇದ್ದರೂ ಅಟೆಂಡೆನ್ಸ್ ಹಾಜರು, ತಲೆ ಗೈರು. ಗಮನ ಕುಂದಿದ ಆ ದಿನ ಪ್ರಾಕ್ಟಿಕಲ್‌ನಲ್ಲಿ ಕಂಡದ್ದು ಅರ್ಧ. ವಾಯುಪಡೆಯ ಹುಡುಗರ ಅಂಕ ಕುಸಿದದ್ದು ಪರೀಕ್ಷೆಯ ಮುನ್ನಾದಿನ ಕುಡಿದದ್ದರಿಂದ ಅಲ್ಲ, ಸೆಮಿಸ್ಟರ್ ಉದ್ದಕ್ಕೂ ಹೀಗೆ ಚೂರುಚೂರು ಸೋರಿದ್ದರಿಂದ ಎಂದು ಓದಿದರೆ ಎರಡೂ ಬಗೆಯ ಫಲಿತಾಂಶಗಳು ಒಟ್ಟಿಗೆ ಕೂರುತ್ತವೆ. ಪರೀಕ್ಷೆಯ ದಿನ ಅವನು ಹೇಗೋ ಬರೆಯುತ್ತಾನೆ. ಬರೆಯಲು ತಲೆಯಲ್ಲಿ ಏನಿರಬೇಕಿತ್ತೋ ಅದು ಎಂದೋ ತಪ್ಪಿ ಹೋಗಿರುತ್ತದೆ.

ಹದಿಹರೆಯ ಕಳೆಯುತ್ತಿರುವ ಮಿದುಳಿಗೆ ಇನ್ನೊಂದು ಅಪಾಯವಿದೆ. ಹಣೆಯ ಹಿಂದಿನ ಭಾಗ, ತಡೆಯುವ ಮತ್ತು ಯೋಜಿಸುವ ಭಾಗ, ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಿರುತ್ತದೆ. ಎಳೆಯ ಇಲಿಗಳ ಮೇಲಿನ ಪ್ರಯೋಗಗಳು ಒಂದು ಬಗೆಯ ಮೋಸವನ್ನು ಬಯಲಿಗೆಳೆದಿವೆ: ಮದ್ಯ ಕೊಟ್ಟರೆ ಅವು ದೊಡ್ಡ ಇಲಿಗಳಷ್ಟು ಬೇಗ ತೂಕಡಿಸುವುದಿಲ್ಲ, ಆದರೆ ದಾರಿ ಕಲಿಯುವ ಪರೀಕ್ಷೆಯಲ್ಲಿ ದೊಡ್ಡವಕ್ಕಿಂತ ಹೆಚ್ಚು ಎಡವುತ್ತವೆ. ಮನುಷ್ಯರಲ್ಲೂ ಹೀಗೆಯೇ ಇದ್ದರೆ, "ನನಗೆ ಎಷ್ಟು ಹಾಕಿದ್ರೂ ಏರೋದೇ ಇಲ್ಲ" ಎನ್ನುವ ಹತ್ತೊಂಬತ್ತರವನಿಗೆ ಏರದಿರುವುದು ನಿದ್ದೆ ಮಾತ್ರ.

ಕರಾವಳಿಯ ಕ್ಯಾಲೆಂಡರೂ ಇಲ್ಲಿ ಸ್ವಲ್ಪ ಕೆಲಸ ಮಾಡುತ್ತದೆ. ಫೆಬ್ರವರಿ ಕಳೆದು ಗೇರುಹಣ್ಣು ಬಿದ್ದ ಮೇಲೆ ಗೋವಾದಲ್ಲಿ ಉರಾಕಿನ ಕಾಲ. ಗೇರುಹಣ್ಣಿನ ರಸವನ್ನು ಹುಳಿಬರಿಸಿ ಮೊದಲ ಸಲ ಭಟ್ಟಿ ಇಳಿಸಿದಾಗ ಸಿಗುವುದು ಉರಾಕ್, ಅದನ್ನು ಮತ್ತೆ ಭಟ್ಟಿಗೆ ಹಾಕಿದರೆ ಫೆನಿ. ಉರಾಕ್ ಮೇ ಕಳೆಯುವಷ್ಟರಲ್ಲಿ ಮುಗಿಯುತ್ತದೆ. ಸೆಮಿಸ್ಟರಿನ ಮುಖ್ಯ ಪಾಠಗಳು ನಡೆಯುವುದೂ ಅದೇ ತಿಂಗಳುಗಳಲ್ಲಿ. ಉರಾಕಿಗೆ ಲಿಮ್ಕಾ ಸುರಿದು, ಹಸಿಮೆಣಸು ಸೀಳಿ ಹಾಕಿ, ಚಿಟಿಕೆ ಉಪ್ಪು ಬೆರೆಸಿದರೆ ಸೆಖೆಗೆ ಅದು ಪಾನಕದಂತೆ ಇಳಿಯುತ್ತದೆ. ಶೇ. 15ರ ಆಸುಪಾಸಿನ ಉರಾಕ್ 180 ಮಿಲಿಲೀಟರ್ ಕುಡಿದರೆ ಒಳಗೆ ಹೋಗುವುದು ಸುಮಾರು 21 ಗ್ರಾಂ ಮದ್ಯಸಾರ, ಅಂದರೆ ಒಂದು ದೊಡ್ಡ ಪೆಗ್ ವಿಸ್ಕಿ. ಒಂದು ಬಾಟಲಿ ಸ್ಟ್ರಾಂಗ್ ಬಿಯರ್ ಅಂಥ ಎರಡು ಪೆಗ್‌ಗೆ ಸಮ. "ಬರೀ ಬಿಯರ್" ಎಂಬ ಮಾತಿನಲ್ಲಿ "ಬರೀ" ಎಂಬುದಕ್ಕೆ ಆಧಾರವಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಕುಡಿಯುತ್ತಾರೆ, ಏಕೆಂದರೆ ವಿದ್ಯಾರ್ಥಿ ಒಬ್ಬನೇ ಕೂತು ಕುಡಿಯುವುದು ಅಪರೂಪ. ಪ್ರಿನ್ಸ್‌ಟನ್ನಿನ ಪ್ರೆಂಟಿಸ್ ಮತ್ತು ಮಿಲ್ಲರ್ 1993ರಲ್ಲಿ ಒಂದು ಸರಳ ಪ್ರಶ್ನೆ ಕೇಳಿದ್ದರು: ಕ್ಯಾಂಪಸ್ಸಿನ ಕುಡಿತದ ಬಗ್ಗೆ ನಿನಗೆ ಎಷ್ಟು ಸಮಾಧಾನವಿದೆ, ಉಳಿದವರಿಗೆ ಎಷ್ಟಿರಬಹುದು? ಬಹುತೇಕರು, ನನಗೆ ಮುಜುಗರ, ಉಳಿದವರಿಗೆ ಏನೂ ಅನಿಸುವುದಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಎಲ್ಲರೂ ಹೀಗೆ ಹೇಳಿದರೆ ಆ ಏನೂ ಅನಿಸದ ಉಳಿದವರು ಯಾರು? ಆರು ಮಂದಿಯ ರೂಮಿನಲ್ಲಿ ಮೂವರಿಗೆ ಇಂದು ಬೇಡವಾಗಿರುತ್ತದೆ. ಮೂವರೂ ತಾನೊಬ್ಬನೇ ಬೇಡವೆನ್ನುವವನು ಎಂದುಕೊಂಡು ಲೋಟ ಮುಂದೆ ಹಿಡಿಯುತ್ತಾರೆ.

ಅಂಕೋಲೆಯವರಿಗೆ ಬೇಡವೆಂದು ಬಾಯಿಬಿಟ್ಟು ಹೇಳುವುದು ಹೊಸದಲ್ಲ. ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಹಾಡಿಗೆ ಎಷ್ಟು ಹೆಸರಾದರೋ ಊರಿನ ಮದ್ಯದ ವಿರುದ್ಧ ನಿಂತದ್ದಕ್ಕೂ ಅಷ್ಟೇ ಹೆಸರಾದವರು. ತಮ್ಮ ಮನೆಯೊಳಗೇ ಕುಡಿತ ತಂದ ಸಾವು ಕಂಡ ಹೆಂಗಸು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರು ಹೋರಾಡಿದ್ದು ದುಡಿದು ಬಂದ ಗಂಡಸರು ಕೂಲಿಯನ್ನು ಸುರಿಯುತ್ತಿದ್ದ ಕುಡಿತದ ವಿರುದ್ಧ. ಸಾರಾಯಿ 2007ರ ಜುಲೈ 1ರಂದು ರಾಜ್ಯದಿಂದಲೇ ಹೋಯಿತು. ಅಂಥ ಮನೆಗಳಿಂದ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮೊಮ್ಮಕ್ಕಳ ಮುಂದಿರುವುದು ಬೇರೆ ಬಾಟಲಿ, ಬಣ್ಣದ ಲೇಬಲ್ಲಿನದು. ಅದನ್ನು ಹಿಡಿದವನಿಗೆ ತಾನು ಅಜ್ಜನಂತೆ ಕುಡುಕ ಎಂದು ಅನಿಸುವುದೇ ಇಲ್ಲ.

ಉಪದೇಶ, ಅಮಾನತು, ಅಪ್ಪನಿಗೆ ಫೋನು: ನಮ್ಮ ಕಾಲೇಜುಗಳಿಗೆ ಗೊತ್ತಿರುವ ಮೂರು ಮದ್ದುಗಳು ಇವು. ಇವುಗಳಿಗಿಂತ ಒಳ್ಳೆಯದು ಗಡಿಯಾಚೆಯೇ ಸಿದ್ಧವಾಗಿದೆ. ಗೋವಾದ ಸಂಗಾತ್ ಸಂಸ್ಥೆಯ ಅಭಿಜಿತ್ ನಾಡಕರ್ಣಿ, ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುವ, ಅತಿಯಾಗಿ ಕುಡಿಯುವ ಆದರೆ ಇನ್ನೂ ತೀವ್ರ ಚಟಕ್ಕೆ ಬೀಳದ ಗಂಡಸರೊಂದಿಗೆ ಕೆಲಸ ಮಾಡಿದರು. ಮಾತಾಡಿಸಿದವರು ವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯರು. ಹೆಚ್ಚೆಂದರೆ ನಾಲ್ಕು ಭೇಟಿ. ಬೈಗುಳವಿಲ್ಲ; ಕುಡಿತ ಏನು ಕೊಟ್ಟಿದೆ, ಏನು ಕಸಿದಿದೆ ಎಂದು ಅವನ ಬಾಯಿಂದಲೇ ಹೇಳಿಸಿ, ಗೆಳೆಯರು ಕರೆದಾಗ ಏನನ್ನಬೇಕೆಂದು ಅಭ್ಯಾಸ ಮಾಡಿಸುವುದು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ, ಮೂರು ತಿಂಗಳ ಬಳಿಕ ಈ ಮಾತುಕತೆ ಸಿಕ್ಕವರಲ್ಲಿ ಶೇ. 36 ಮಂದಿ ಅಪಾಯದ ಮಟ್ಟದಿಂದ ಹೊರಬಂದಿದ್ದರು, ಸಿಗದವರಲ್ಲಿ ಶೇ. 26. ವರ್ಷದ ಬಳಿಕ ಅಂತರ ಇನ್ನಷ್ಟು ಹಿಗ್ಗಿತ್ತು.

ಅಂಥವರನ್ನು ಗುರುತಿಸಲು ಅವರು ಬಳಸಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿ. ಕಾಲೇಜಿನ ಯಾವ ಮೆಂಟರ್ ಬೇಕಾದರೂ ಹತ್ತು ನಿಮಿಷದಲ್ಲಿ ಕೇಳಬಹುದು. ವಿದ್ಯಾರ್ಥಿ ಬಾಗಿಲು ಹಾಕಿಕೊಂಡು ತನ್ನನ್ನೇ ಕೇಳಿಕೊಳ್ಳಬಹುದು. ಒಟ್ಟು 40 ಅಂಕ. 8 ಮುಟ್ಟಿದರೆ ಎಚ್ಚರ, ಹೆಚ್ಚಾದರೆ ಮಾತಾಡಲು 14416ರಲ್ಲಿ ಟೆಲಿ-ಮಾನಸ್, 14446ರಲ್ಲಿ ವ್ಯಸನಮುಕ್ತಿ ಸಹಾಯವಾಣಿ ಇವೆ. ಮೊದಲ ಮೂರು ಪ್ರಶ್ನೆಗಳು ಎಷ್ಟು, ಎಷ್ಟು ಸಲ ಎಂಬುದರ ಬಗ್ಗೆ; ಅಲ್ಲಿ ಎಲ್ಲರೂ ಸ್ವಲ್ಪ ಕಡಿಮೆ ಹೇಳುತ್ತಾರೆ. ವಿದ್ಯಾರ್ಥಿಯಾದರೆ ನಾನು ಐದು ಮತ್ತು ಎಂಟನೆಯದರಿಂದ ಶುರುಮಾಡುತ್ತೇನೆ. ಕಳೆದ ವರ್ಷದಲ್ಲಿ, ಕುಡಿದ ಕಾರಣಕ್ಕೆ ಮಾಡಬೇಕಾದ ಕೆಲಸ ಎಷ್ಟು ಸಲ ತಪ್ಪಿತು? ಹಿಂದಿನ ರಾತ್ರಿ ನಡೆದದ್ದು ಎಷ್ಟು ಸಲ ನೆನಪಿಗೆ ಬರಲಿಲ್ಲ?